ದಾಟಿ ಹೋಗಿ, ನಿಲ್ಲಬೇಡಿ

ಸರಿಯಾಗಿ ಕೆಲಸ ಮಾಡುವ ಯಾವ ವಸ್ತುವನ್ನೂ ನಮ್ಮ ಮಾಮನ ಕಣ್ಣೆದುರು ಇಡಬಾರದು. ಕೆಟ್ಟದ್ದಾದರೆ ಹೆದರಿಕೆಯಿಲ್ಲ, ಸರಿ ಮಾಡಿ ಕೊಡುತ್ತಾರೆ; ಬಂಟ್ವಾಳ ಪೇಟೆಯಲ್ಲಿ ಅವರ ರೇಡಿಯೋ ರಿಪೇರಿ ಅಂಗಡಿಗೆ ಒಳ್ಳೆಯ ಹೆಸರೇ ಉಂಟು. ಆದರೆ ಚೆನ್ನಾಗಿರುವುದು ಕೈಗೆ ಸಿಕ್ಕಿತೋ, ಮುಗಿಯಿತು ಕಥೆ! ನನ್ನ ಮದುವೆಗೆ ಉಡುಗೊರೆ ಬಂದ ಗೋಡೆ ಗಡಿಯಾರವನ್ನು ನನಗಿಂತ ಮೊದಲು ಬಿಚ್ಚಿ ನೋಡಿದವರು ಅವರೇ. ಆ ಗಡಿಯಾರ ಇವತ್ತಿಗೂ ಹತ್ತು ನಿಮಿಷ ಹಿಂದೆಯೇ ಓಡುತ್ತದೆ.

ಕೀಚೈನ್ ಲೇಸರ್ ಬಂದ ಕಾಲ ನೆನಪಿದೆಯಲ್ಲ? ಗಲ್ಫಿನಿಂದ ಬಂದವರೆಲ್ಲ ಸೆಂಟು, ಚಾಕೊಲೇಟಿನ ಜೊತೆ ಅದನ್ನೂ ತರುತ್ತಿದ್ದರು. ಬಟನ್ ಒತ್ತಿದರೆ ಎದುರು ಮನೆಯ ಗೋಡೆಯ ಮೇಲೊಂದು ಕೆಂಪು ಚುಕ್ಕೆ! ಮಕ್ಕಳು ಅದರಿಂದ ಬೆಕ್ಕನ್ನು ಓಡಿಸುತ್ತಿದ್ದರು, ಮಾಮ ಮಕ್ಕಳನ್ನು ಓಡಿಸಿ ಲೇಸರ್ ಕಿತ್ತುಕೊಳ್ಳುತ್ತಿದ್ದರು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಎಂಬ ನೆಪ ಬೇರೆ. ಹೀಗೆ ನಾಲ್ಕು ಕೈಸೇರಿದವು.

ಈ ಸಲದ ಹುಚ್ಚಿಗೆ ಮಾತ್ರ ಕಾರಣವಿತ್ತು. ಮಾಮಿಗೆ ಕಿವಿ ಮಂದವಾಗುತ್ತಾ ಮಂದವಾಗುತ್ತಾ ಪೂರ್ತಿ ಕೇಳಿಸದಂತಾಗಿತ್ತು. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಒಂದು ದಿನ ಅವರ ಅಕ್ಕ ಮೂಡುಬಿದಿರೆಯಿಂದ ಬಸ್ಸು ಹಿಡಿದು ಬಂದು, ಬಾಗಿಲು ಬಡಿದು, ಹೆಸರು ಹಿಡಿದು ಕರೆದು, ಕೊನೆಗೆ ಕಿಟಕಿಯಲ್ಲಿ ಇಣುಕಿದ್ದಾರೆ. ಒಳಗೆ ತಂಗಿ ಬೆನ್ನು ಹಾಕಿ ಮೀನು ಕೊಯ್ಯುತ್ತಾ ಕೂತಿದ್ದಾಳೆ, ತಿರುಗಿಯೂ ನೋಡುವುದಿಲ್ಲ! ಕಿವಿ ಅಷ್ಟು ಹೋಗಿದೆಯೆಂದು ಮಾಮಿ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಅಕ್ಕ ಮುಂದಿನ ಬಸ್ಸಿಗೇ ವಾಪಸ್ಸು. ಆಮೇಲೆ ವಿಷಯ ಹೇಳಿ ಕಳುಹಿಸಿದರೆ, ಹುಟ್ಟಿದಾಗಿನಿಂದ ಕೇಳಿದ ನನ್ನ ಸ್ವರ ಈಗ ಕೇಳುವುದಿಲ್ಲವೋ ಎಂದು ಉತ್ತರ ಬಂತು.

ಅಂದಿನಿಂದ ಮಾಮಿ ಜಗಲಿಯಲ್ಲಿ ಗೇಟಿಗೆ ಮುಖ ಮಾಡಿ ಕೂತರು. ಅಕ್ಕಿ ಆರಿಸುವುದೂ ಅಲ್ಲೇ, ಕಾಯಿ ತುರಿಯುವುದೂ ಅಲ್ಲೇ. ಅಕ್ಕ ಬಂದು ಇನ್ನೊಮ್ಮೆ ಹಿಂದೆ ಹೋಗಬಾರದಲ್ಲ! ಒಲೆಯ ಮೇಲೆ ಸಾರು ಉಕ್ಕಿದರೂ ಏಳುವುದಿಲ್ಲ. ಮಾಮ ಎರಡು ತಿಂಗಳು ಸೀದ ಸಾರು ಉಂಡರು.

ಮನೆಗೆ ನಾಲ್ಕು ದಾರಿ: ರಸ್ತೆಯ ಗೇಟು, ಮಸೀದಿ ಕಡೆಯ ಓಣಿ, ಬಾವಿಯ ಬದಿ, ಹಿಂದಿನ ಬೇಲಿ ದಾಟಲು ಇಟ್ಟ ತಡಮೆ. ನಾಲ್ಕಕ್ಕೂ ಅಡ್ಡಲಾಗಿ ಲೇಸರ್ ಬೆಳಕು ಹಾಯಿಸುವುದು, ಯಾರಾದರೂ ದಾಟಿದರೆ ಅಡುಗೆಮನೆಯಲ್ಲಿ ಆ ದಾರಿಯ ಬಲ್ಬು ಹೊತ್ತುವುದು. ಇದು ಮಾಮನ ಯೋಜನೆ.

ನಾನು ಆಗ ಬೆಳ್ತಂಗಡಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಭಾನುವಾರ ಹೋಗಿ ನೋಡಿದರೆ ಮಾಮ ನಾಲ್ಕೂ ಲೇಸರಿನ ಹೊಟ್ಟೆ ಸೀಳಿ, ಅವುಗಳ ಕರೆಂಟು ತಡೆದು ಅಳೆದು ಬಿಡುವ ರೆಸಿಸ್ಟರುಗಳನ್ನು ಕಿತ್ತೆಸೆದು, ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಬೆಸೆಯುತ್ತಿದ್ದರು. ಒಂದೊಂದಕ್ಕೂ ಬೇರೆ ಬೇರೆ ಬೇಕು ಎಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದೆ. ಕೇಳಿದರೆ ತಾನೆ!

"ನಮ್ಮ ಮದುವೆಗಳಲ್ಲಿ ನಾಲ್ಕು ಜನ ಸುತ್ತ ಕೂತು ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲವಾ ಟೀಚರೇ? ಇವಕ್ಕೆ ಎಂಥ ದೊಡ್ಡಸ್ತಿಕೆ?"

ಸ್ವಿಚ್ ಹಾಕಿದರು. ನಾಲ್ಕೂ ಹೊತ್ತಿದವು. ಒಂದು ಸ್ವಲ್ಪ ಹೆಚ್ಚೇ ಹೊಳೆಯಿತು, ಮಾಮನ ಮುಖವೂ ಹೊಳೆಯಿತು. ಮರುಕ್ಷಣ ಅದು ಸತ್ತಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಕಡೆಯದಂತೂ ಕಣ್ಣು ಮಿಟುಕಿಸುವಷ್ಟೂ ಕಾಯಲಿಲ್ಲ.

ಜಗಲಿಯಿಂದ ನಮ್ಮ ತುಟಿಗಳನ್ನೇ ನೋಡುತ್ತಿದ್ದ ಮಾಮಿ ಆಗ ಬಾಯಿ ಬಿಟ್ಟರು. "ಬಾಚಿ ಬಾಚಿ ತಿನ್ನುವವ ಒಬ್ಬ ಇದ್ದರೆ ಒಂದು ತಟ್ಟೆ ಆಗ್ತದಾ? ಮೊದಲು ಅವನ ಹೊಟ್ಟೆ ಕೆಡ್ತದೆ. ಅವನ ಪಾಲನ್ನೂ ಉಳಿದವರಿಗೆ ತುರುಕಿದರೆ ಅವರದ್ದೂ ಕೆಡ್ತದೆ. ಒಬ್ಬೊಬ್ಬರಿಗೆ ಬೇರೆ ಬಡಿಸಿ."

ನನ್ನ ಬಿ.ಎಡ್. ಪದವಿಯನ್ನು ಎಲ್ಲಿ ಮುಚ್ಚಿಡಲಿ ಹೇಳಿ! ಎಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಚೊಕ್ಕವಾಗಿ ಹೇಳಲು ನನ್ನಿಂದಾಗಿರಲಿಲ್ಲ.

ಮಾಮ ಮತ್ತೆ ನೆಂಟರ ಮಕ್ಕಳ ಮೇಲೆ ದಾಳಿ ಮಾಡಿ ನಾಲ್ಕು ಲೇಸರ್ ತಂದರು. ಈ ಸಲ ಒಂದೊಂದಕ್ಕೂ ಅದರದ್ದೇ ರೆಸಿಸ್ಟರ್. ಕರೆಂಟು ಹೋದರೂ ನಡೆಯಲೆಂದು ಹಳೆಯ ಜೀಪಿನ ಬ್ಯಾಟರಿ. ಎಲ್ಲ ಸರಿಯಾಯಿತು, ಮಾಮಿ ಅಡುಗೆಮನೆಗೆ ಮರಳಿದರು. ಮೊದಲ ದಿನ ಬೆಳಿಗ್ಗೆ ಹನ್ನೆರಡು ಸಲ ಬಲ್ಬು ಹೊತ್ತಿತು, ಹನ್ನೆರಡು ಸಲವೂ ಮಾಮಿ ತಲೆಗೆ ಸೆರಗು ಎಳೆದುಕೊಂಡು ಓಡಿದರು. ಬಂದ ಅತಿಥಿ ಯಾರು? ಅವರದ್ದೇ ಹೇಂಟೆ ಕೋಳಿ! ಲೇಸರುಗಳು ಮೊಣಕಾಲಿನಿಂದ ಸೊಂಟದ ಎತ್ತರಕ್ಕೆ ಬಡ್ತಿ ಪಡೆದವು. ಇನ್ನು ಕೆಲವರು ಗೇಟಿನಲ್ಲೇ ಬೆಳಕಿಗೆ ಅಡ್ಡ ನಿಂತು ಹರಟೆ ಹೊಡೆದು, ಬಲ್ಬು ಆರಲು ಬಿಡದೆ ಬ್ಯಾಟರಿ ಖಾಲಿ ಮಾಡುತ್ತಾರೆಂದು ಮಾಮ ಒಂದು ಬೋರ್ಡು ತೂಗಿಸಿದರು: 'ದಾಟಿ ಹೋಗಿ, ನಿಲ್ಲಬೇಡಿ.' ಓದಿದವರು ಬಂದ ಕೆಲಸವನ್ನೇ ಮರೆತು ನಿಂತು ನಗುತ್ತಿದ್ದರು.

ಊರೆಲ್ಲ ಬಂದು ದಾಟಿತು. ಬರಬೇಕಾದವರು ಮಾತ್ರ ಬರಲಿಲ್ಲ. ರಸ್ತೆಯ ಗೇಟಿನ ಕೆಂಪು ಬಲ್ಬು ಹೊತ್ತಿದಾಗಲೆಲ್ಲ ಮಾಮಿ ಓಡುವುದು, ಸಪ್ಪೆ ಮುಖ ಹೊತ್ತು ಮರಳುವುದು. ನನಗೆ ನೋಡಲಾಗುತ್ತಿರಲಿಲ್ಲ.

ಕೊನೆಗೆ ಮಾಮನೇ ಮೂಡುಬಿದಿರೆಗೆ ಹೋದರು. ಎರಡೂ ಕಿವಿಗೆ ಹತ್ತಿ ಗಿಡಿದು ಮಾಮಿಯ ಅಕ್ಕನ ಜಗಲಿಯಲ್ಲಿ ಕೂತರಂತೆ. ಆಕೆ ಬೈದರು, ಕೂಗಿದರು, ಚಾ ಬೇಕಾ ಎಂದೂ ಕೇಳಿದರು. ಮಾಮ ಗೋಡೆ ನೋಡುತ್ತಾ ಇದ್ದರು. ಆಕೆಗೆ ಸಿಟ್ಟು ನೆತ್ತಿಗೇರಿದಾಗ ಹತ್ತಿ ತೆಗೆದು ಅವರ ಎದುರಿಟ್ಟು ಹೇಳಿದರಂತೆ: "ನಾನು ತೆಗೆದೆ. ನಿಮ್ಮ ತಂಗಿಗೆ ತೆಗೆಯಲಿಕ್ಕೆ ಆಗುವುದಿಲ್ಲ."

ಮುಂದಿನ ಭಾನುವಾರ ನಾನು ಅಲ್ಲೇ ಇದ್ದೆ. ಮಾಮಿ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಕೆಂಪು ಬಲ್ಬು ಹೊತ್ತಿತು. ಹಿಟ್ಟಿನ ಕೈಯಲ್ಲೇ ಎದ್ದು ಹೋದರು. ಬಲ್ಬು ಆರಲಿಲ್ಲ. ಒಂದು ನಿಮಿಷ ಕಳೆಯಿತು, ಎರಡಾಯಿತು. ಎಲ್ಲೋ ವಯರು ತಪ್ಪಿದೆ ಎಂದು ಮಾಮ ಸ್ಕ್ರೂಡ್ರೈವರ್ ಹಿಡಿದು ಬಂದು ಕಿಟಕಿಯಲ್ಲಿ ನೋಡಿದರು, ನಾನೂ ನೋಡಿದೆ.

ಬೋರ್ಡಿನ ಕೆಳಗೆ, ಸರಿಯಾಗಿ ಲೇಸರಿನ ದಾರಿಯಲ್ಲಿ, ಅಕ್ಕ ತಂಗಿ ತಬ್ಬಿಕೊಂಡು ನಿಂತಿದ್ದರು. ಅಕ್ಕನ ಬುರ್ಖಾದ ಬೆನ್ನಿನ ಮೇಲೆಲ್ಲ ಅಕ್ಕಿ ಹಿಟ್ಟು. ಕೇಳಿಸದು ಎಂದು ಗೊತ್ತಿದ್ದೂ ಅಕ್ಕ ತಂಗಿಯ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು.

"ಮಾಮ, ಒಳಗೆ ಬರಲಿಕ್ಕೆ ಹೇಳಲಾ? ಬ್ಯಾಟರಿ ಹೋಗ್ತದೆ" ಎಂದೆ.

ಮಾಮ ಮಾಮಿಯ ಮಣೆಯ ಮೇಲೆ ಕೂತು ಬಲ್ಬನ್ನೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

"ಹೋಗಲಿ. ಉರಿಯಲಿ ಅದು."

ಕಾವಲಿಯ ಮೇಲೆ ರೊಟ್ಟಿ ಸೀಯುತ್ತಿತ್ತು. ನಾವಿಬ್ಬರೂ ತೆಗೆಯಲಿಲ್ಲ.