ಟಾರ್ಕ್ವಿಲನ ಹೆಸರು ಕೆತ್ತಿದ್ದು

ಕೆತ್ತನೆಗಾರ ನಿನಿಯನ್ ಗೌರ್ಲೆಗೆ ಗ್ರಹಚಾರ ಗಂಟುಬಿದ್ದದ್ದು ಹೋದ ವರ್ಷ, ಬರೀ ಮೂರಕ್ಷರದಿಂದ.

ನಮ್ಮ ಇನ್ವರ್‌ಕೆಲ್ಲಿಯ ಗಾಲ್ಫ್ ಪಂದ್ಯದಲ್ಲಿ, ಎಲ್ಲರಿಗಿಂತ ಕಡಿಮೆ ಹೊಡೆತಕ್ಕೆ ಗುಳಿಗಳನ್ನೆಲ್ಲ ಮುಗಿಸಿ ಗೆದ್ದವನಿಗೆ ಕೊಡುವುದು ಹೆರಿಂಗ್ ಹೂಜಿ. ಹೆರಿಂಗ್ ಮೀನು ಹಿಡಿಯುವ ದೋಣಿಗಳ ಯಜಮಾನರು ಹಿಂದೆಂದೋ ಸೇರಿ ಮಾಡಿಸಿದ ಬೆಳ್ಳಿ ಹೂಜಿ ಅದು. ಹೆಸರು ಕೆತ್ತದೆ ಅದನ್ನು ಯಾರ ಕೈಗೂ ಕೊಡುವ ಹಾಗಿಲ್ಲ, ಪದ್ಧತಿ. ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ಬ್ಯಾಗ್‌ಪೈಪ್ ವಾದ್ಯ ಊದಿ ಹೂಜಿ ಕೊಡುತ್ತಾರೆ, ಅಷ್ಟರಲ್ಲಿ ಹೆಸರು ಹೂಜಿಯ ಮೇಲಿರಬೇಕು. ಅಜ್ಜನ ಕಾಲದಿಂದ ಈ ಕೆತ್ತನೆ ಗೌರ್ಲೆ ಮನೆಯವರದ್ದೇ. ಹೋದ ವರ್ಷ ನಿನಿಯನ್ ಕೊನೇ ಚೆಂಡು ಗುಳಿಗೆ ಬೀಳುವವರೆಗೂ ಉಳಿ ಮುಟ್ಟದೆ ಕಾದ. ಗೆದ್ದವನದ್ದೋ ಮೊಳದುದ್ದ ಹೆಸರು. ಅವಸರಕ್ಕೆ ಗೀಚಿ ಗೀಚಿ ಕೆತ್ತಿದರೂ ಮೂರಕ್ಷರ ಬಾಕಿ ಇರುವಾಗಲೇ ಬ್ಯಾಗ್‌ಪೈಪ್ ಊದಿಬಿಟ್ಟರು. ಅರ್ಧಂಬರ್ಧ ಹೆಸರಿನ ಹೂಜಿ ಎತ್ತಿ ಹಿಡಿದ ಚಾಂಪಿಯನ್‌ನ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು.

ಈ ವರ್ಷ ಕೊನೇ ದಿನದ ಬೆಳಿಗ್ಗೆ ಸಮಿತಿಯ ಅಧ್ಯಕ್ಷೆ ಮಿಸ್ ಬೆಥ್ಯೂನ್ ಮೈದಾನದಂಚಿನ ಅವನ ಡೇರೆಗೆ ಬಂದರು. ಆಕೆ ನಕ್ಕದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ.

"ಗೌರ್ಲೆಯವರೇ, ಡಂಡೀ ಪಟ್ಟಣದಿಂದ ಕೆತ್ತೋ ಯಂತ್ರದವರು ಬಂದಿದಾರೆ. ಎರಡೇ ನಿಮಿಷದಲ್ಲಿ ಯಾರ ಹೆಸರಾದ್ರೂ ಕೆತ್ತುತ್ತಂತೆ. ಅದನ್ನ ನಡೆಸೋಕೆ ಒಬ್ಬ ಆಳು ಸಿಕ್ಕಿಲ್ಲ, ಹುಡುಕ್ತಾ ಇದಾರೆ ಅಷ್ಟೆ."

"ಅಮ್ಮಾ, ನಮ್ಮ ಅಜ್ಜ..."

"ನಿಮ್ಮ ಅಜ್ಜ ದೊಡ್ಡ ಮನುಷ್ಯರು. ಇವತ್ತು ಒಂದಕ್ಷರ ಆಚೀಚೆ ಆದ್ರೂ ಮುಂದಿನ ವರ್ಷ ಯಂತ್ರ."

ಹೆದರಿದವನು ಕೆಡುವುದೇ ಹಾಗೆ. ಈ ಸಲ ಮುಂಚೆಯೇ ಶುರುಮಾಡಬೇಕು ಅಂತ ನಿನಿಯನ್ ಆಗಲೇ ತೀರ್ಮಾನಿಸಿಬಿಟ್ಟ.

ಮುಂಚೆ ಶುರುಮಾಡಬೇಕಾದರೆ ಯಾರು ಗೆಲ್ಲುತ್ತಾರೆ ಅಂತ ಗೊತ್ತಿರಬೇಕಲ್ಲ! ಗೆಲ್ಲುವ ಹಾದಿಯಲ್ಲಿ ಉಳಿದವರು ಕೊನೇ ಜೋಡಿಯ ಇಬ್ಬರೇ. ಒಬ್ಬ ಗ್ರೆಗರ್ ಹಾಲ್, ಇಂಗ್ಲೆಂಡಿನವನು. ಮೂರು ಸಲ ಈ ಹೂಜಿ ಗೆದ್ದವನು, ಹೊಡೆದ ಚೆಂಡು ದಾರ ಕಟ್ಟಿ ಎಳೆದ ಹಾಗೆ ನೇರ ಹೋಗುತ್ತದೆ. ಇನ್ನೊಬ್ಬ ನಮ್ಮ ಟಾರ್ಕ್ವಿಲ್ ಅಬರ್ನೆಥಿ. ಇವತ್ತು ದೇವರ ಹಾಗೆ ಆಡಿದರೆ ನಾಳೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನ ಹಾಗೆ. ಒಂದು ಸಲ ಅವನು ಹೊಡೆದ ಚೆಂಡು ಚರ್ಚಿನ ಕಿಟಕಿ ಒಡೆದು ಪಾದ್ರಿಯ ಪ್ರವಚನ ನಿಲ್ಲಿಸಿತ್ತು. ಪಾದ್ರಿಯೂ ಸೇರಿ ಊರಿಗೆ ಊರೇ ಅವನ ಮೇಲೆ ಪ್ರಾಣ ಇಟ್ಟಿದೆ.

"ಅವನಲ್ಲಿ ಅಂಥದ್ದೇನು ಕಂಡ್ರೀ ನೀವು?" ಅಂತ ನಿನಿಯನ್‌ನ ಹೆಂಡತಿ ಎಫಿ ಎಷ್ಟೋ ಸಲ ಕೇಳಿದ್ದಳು.

"ನೋಡೇ, ಹಾಲ್ ಆಟದ ಸುದ್ದಿ ಕೇಳಿದ್ರೆ ನನ್ನ ಜೀವನ ನಾನೇ ನೋಡಿದ ಹಾಗಾಗುತ್ತೆ. ನಿನ್ನೆ ಓಟ್ಸ್ ಗಂಜಿ, ಇವತ್ತು ಓಟ್ಸ್ ಗಂಜಿ, ನಾಳೆನೂ ಅದೇ. ಟಾರ್ಕ್ವಿಲ್ ಹೊಡೆದ್ರೆ ಎಲ್ಲಿಗೆ ಹೋಗ್ಬೇಕು ಅಂತ ಆ ಚೆಂಡಿಗೂ ಗೊತ್ತಿರಲ್ಲ. ಅವನ ಜೊತೆ ನಾನೂ ಒಂದು ಸುತ್ತು ಹಾರಿ ಬರ್ತೀನಿ."

ಪಾಪ, ಹಾರಿ ಬರುವುದೆಲ್ಲ ಕಿವಿಯಲ್ಲೇ. ಮೂವತ್ತೊಂದು ವರ್ಷ ಡೇರೆಯೊಳಗೆ ಹೂಜಿ ಕಾದು ಕೂತ ನಿನಿಯನ್ ಕೊನೇ ದಿನದ ಒಂದೇ ಒಂದು ಹೊಡೆತವನ್ನೂ ಕಣ್ಣಾರೆ ನೋಡಿದವನಲ್ಲ. ಆಟದ ಸುದ್ದಿ ಹೇಳುವವಳು ಪಕ್ಕದ ಅಂಗಡಿಯ ಜೆಸ್ಸಿ, ಮಟನ್ ಪೈ ಮಾರುವವಳು. ಒಂದು ಕಿವಿ ರೇಡಿಯೋಗೆ, ಒಂದು ಕಿವಿ ಗಿರಾಕಿಗೆ.

ನಾಲ್ಕು ಗಂಟೆಗೆ ಜೆಸ್ಸಿ ಡೇರೆಯೊಳಗೆ ತಲೆ ತೂರಿಸಿದಳು. "ನಿನಿಯಣ್ಣಾ! ಹದಿನಾಲ್ಕು ಗುಳಿ ಆಯ್ತು. ಟಾರ್ಕ್ವಿಲ್ ಆರು ಹೊಡೆತ ಮುಂದಿದಾನೆ!"

"ಆರಾ? ಉಳಿದಿರೋದೇ ನಾಲ್ಕು ಗುಳಿ!"

"ಇನ್ಯಾಕೆ ಕಾಯ್ತೀರಿ, ಶುರುಮಾಡಿ. ಆರು ಹೊಡೆತ ಕಳಕೊಳ್ಳೋಕೆ ನನ್ನಜ್ಜಿ ಬಂದು ಆಡಿದ್ರೂ ಆಗಲ್ಲ."

"ಅವನ ಹೆಸರು ಉದ್ದ ಬೇರೆ," ಅಂದಳು ಪಕ್ಕದಲ್ಲೇ ಕೂತಿದ್ದ ಎಫಿ. "ಚೆನ್ನಾಗಿ ಕೆತ್ತೋಕೆ ಅರ್ಧ ಗಂಟೆ ಬೇಕು ನಿಮಗೆ. ಹೋದ ವರ್ಷದ ಹಾಗೆ ಮಾಡ್ಕೊಂಡು ಕೂತ್ಕೋಬೇಡಿ."

ನಿನಿಯನ್ ಉಳಿ ಎತ್ತಿದ. ಇಷ್ಟದ ಹೆಸರು ನೋಡಿ, ಕೈಗೆ ಎಲ್ಲಿಲ್ಲದ ಹುರುಪು. ಒಂದೊಂದಕ್ಷರವೂ ಅಜ್ಜನೇ ಬಂದು ಕೂತು ಕೆತ್ತಿದ ಹಾಗೆ ಎದ್ದು ಬಂತು. ಹೊರಗೆ ಜನ ಓ ಎಂದು ಕೂಗುತ್ತಲೇ ಇದ್ದರು. ಸಂತೋಷಕ್ಕೆ ಕೂಗುತ್ತಿದ್ದಾರೆ ಅಂತ ಇವನು ತಿಳಿದ.

ಕೊನೇ ಅಕ್ಷರ ಮುಗಿಸಿ ಊದಿ ಒರೆಸುವಾಗ ಜೆಸ್ಸಿ ಮತ್ತೆ ಬಂದಳು. "ನಿನಿಯಣ್ಣಾ... ಹದಿನೈದರಲ್ಲಿ ಹಳ್ಳಕ್ಕೆ ಹೊಡೆದ. ಹದಿನಾರರಲ್ಲಿ ಮುಳ್ಳುಪೊದೆಗೆ. ಹದಿನೇಳರಲ್ಲಿ ನನ್ನ ತಮ್ಮನ ವ್ಯಾನಿಗೆ! ಆರೂ ಹೋಯ್ತು. ಈಗ ಹಾಲ್ ಒಂದು ಹೊಡೆತ ಮುಂದಿದಾನೆ."

ಅಷ್ಟರಲ್ಲಿ ಮಿಸ್ ಬೆಥ್ಯೂನ್ ಡೇರೆಯ ಬಾಗಿಲಲ್ಲಿ! ಎಫಿ ತನ್ನ ಸ್ವೆಟರ್ ಬಿಚ್ಚಿ ಹೂಜಿಯ ಮೇಲೆ ಎಸೆದಳು.

"ಹೂಜಿಗೆ ಯಾಕಮ್ಮ ಸ್ವೆಟರು?"

"ಗಾಳಿ ಜಾಸ್ತಿ ಅಲ್ವಾಮ್ಮ, ಬೆಳ್ಳಿಗೆ ಸಮುದ್ರದ ಗಾಳಿ ಆಗಲ್ಲ."

ಆಕೆ ಹುಬ್ಬೇರಿಸಿ ನೋಡಿ ಹೋದರು. ನಿನಿಯನ್ ಕೆರೆಯುವ ಉಳಿ ಹಿಡಿದ. ತಾನು ಅಷ್ಟು ಪ್ರೀತಿಯಿಂದ ಕೆತ್ತಿದ್ದನ್ನು ತಾನೇ ಕೆರೆದು ನಯ ಮಾಡುವಾಗ ಅವನಿಗೆ ನಿಜವಾಗಿಯೂ ಅಳು ಬಂತು. ಜಾಗ ಸಮ ಆಗುವ ಹೊತ್ತಿಗೆ ಜೆಸ್ಸಿ ಕೂಗಿದಳು. "ಕೊನೇ ಗುಳಿಯ ಮೊದಲ ಹೊಡೆತ, ಹಾಲ್ ಚೆಂಡು ದಾರ ಎಳೆದ ಹಾಗೆ ನೆಟ್ಟಗೆ ಹೋಯ್ತು. ಟಾರ್ಕ್ವಿಲ್‌ದು... ಅಯ್ಯಯ್ಯೋ ನನ್ನ ಅಂಗಡಿಗೇ ಬಂತು!"

ಚೆಂಡು ಪೈ ತಟ್ಟೆಗೆ ಬಡಿದು ಉರುಳಿ, ಡೇರೆಯ ಪಕ್ಕದ ಹುಲ್ಲಲ್ಲಿ ನಿಂತಿತು. ಇನ್ನೇನು ಉಳಿಯಿತು ಹೇಳಿ. ನಿನಿಯನ್ ಉಸಿರುಬಿಟ್ಟು ಹಾಲ್ ಹೆಸರು ಶುರುಮಾಡಿದ. ಪುಟ್ಟ ಹೆಸರು, ಐದು ನಿಮಿಷದ ಕೆಲಸ. ಬಟ್ಟೆಗೋಡೆಯ ಅಡಿಯಲ್ಲಿ ಎರಡು ಕೆಸರು ಬೂಟು ಬಂದು ನಿಂತವು.

"ಒಳಗ್ಯಾರಪ್ಪಾ?" ಅಂತ ಹೊರಗಿನಿಂದ ಟಾರ್ಕ್ವಿಲ್‌ನ ದನಿ. "ಆ ಕರಕರ ಸದ್ದು ಸ್ವಲ್ಪ ನಿಲ್ಲಿಸ್ತೀಯಾ? ಹೊಡೀಬೇಕು ನಾನು."

ಹಾಲ್ ಹೆಸರಿನ ಕೊನೇ ಅಕ್ಷರದಲ್ಲಿ ಉಳಿ ನಿಂತಿತು. ನಿನಿಯನ್ ಕಳ್ಳನ ಹಾಗೆ ಉಸಿರು ಬಿಗಿಹಿಡಿದು ಕೂತ. ಹೊರಗೆ ಫಟ್ ಎಂದಿತು. ಆಮೇಲೆ ಎಲ್ಲೋ ಠಣ್ ಎಂದಿತು. ಆಮೇಲೆ ಎದ್ದ ಕೂಗಿಗೆ ಡೇರೆಯ ಗೂಟಗಳು ಅಲ್ಲಾಡಿದವು.

"ಕ್ಲಬ್ಬಿನ ಚಿಮಣಿಗೆ ಬಡಿದು ಸೀದಾ ಗುಳಿಗೇ ಬಿತ್ತು! ಎರಡೇ ಹೊಡೆತಕ್ಕೆ!" ಜೆಸ್ಸಿ ಕುಣಿಯುತ್ತಿದ್ದಳು. ಹಾಲ್ ಆಟವೂ ಮುಗಿದದ್ದೇ ಮತ್ತೆ ಕೂಗಿದಳು. "ಹಾಲ್‌ಗೆ ನಾಲ್ಕು. ಟಾರ್ಕ್ವಿಲ್ ಒಂದು ಹೊಡೆತದಲ್ಲಿ ಗೆದ್ದ!"

ನಿನಿಯನ್ ಎದ್ದು ಎಫಿಯನ್ನು ತಬ್ಬಿ ಗಿರಗಿರ ತಿರುಗಿಸಿದ. ಮೂರನೇ ಸುತ್ತಿಗೆ ಹೂಜಿ ಕಣ್ಣಿಗೆ ಬಿತ್ತು, ಅದರ ಮೇಲೆ ಹಾಲ್ ಹೆಸರು.

"ಎಫಿ, ಹೋಯ್ತಲ್ಲೇ! ಅರ್ಧ ಗಂಟೆ ಬೇಕು ನಂಗೆ, ಇರೋದು ಹತ್ತು ನಿಮಿಷ."

"ಸುಮ್ನೆ ಕೆರೀರಿ," ಅಂದವಳೇ ಎಫಿ ಹೊರಗೋಡಿದಳು. ನಮ್ಮೂರ ನಗರಾಧ್ಯಕ್ಷರು ಪ್ರತಿವರ್ಷ ಹೂಜಿ ಕೊಡುವ ಮುಂಚೆ ಎರಡು ಮಾತಾಡುತ್ತಾರೆ. ಅವರನ್ನು ಎರಡಕ್ಕೇ ನಿಲ್ಲಿಸಲು ಸಮಿತಿಯವರು ಪಡುವ ಪಾಡು ನಮಗೆಲ್ಲ ಗೊತ್ತು. ಎಫಿ ಹೋಗಿ, "ಸಾರ್, ನಿಮ್ಮ ಮುತ್ತಜ್ಜ ಬಿರುಗಾಳೀಲಿ ಹೆರಿಂಗ್ ಹಿಡಿದ ಕತೆ ಪೂರ್ತಿ ಕೇಳಿ ಎಷ್ಟು ದಿನ ಆಯ್ತು!" ಅಂದಳು. ಆ ಮನುಷ್ಯನಿಗೆ ಹೀಗೆ ಕೇಳಿದವರು ಜೀವಮಾನದಲ್ಲೇ ಇಲ್ಲ. ಮೂವತ್ತೈದು ನಿಮಿಷ ಬಿರುಗಾಳಿ ಬೀಸಿತು, ಬ್ಯಾಗ್‌ಪೈಪಿನವನು ಹುಲ್ಲಿನ ಮೇಲೆ ಕೂತೇಬಿಟ್ಟ.

ಅಷ್ಟರಲ್ಲಿ ನಿನಿಯನ್ ಕೆರೆದ, ಉಜ್ಜಿದ, ಕೆತ್ತಿದ. ಬೆವರೊರೆಸಿಕೊಳ್ಳುತ್ತ ಹೂಜಿ ತಂದು ಮೇಜಿನ ಮೇಲಿಟ್ಟಾಗ ಮಿಸ್ ಬೆಥ್ಯೂನ್ ಕನ್ನಡಕ ಏರಿಸಿ ನೋಡಿದರು. ನೋಡಿ, ನಂಬಿದರೆ ನಂಬಿ, ನಕ್ಕರು.

"ಗೌರ್ಲೆಯವರೇ, ಒಂದಕ್ಷರ ಆಚೀಚೆ ಇಲ್ಲ. ಯಂತ್ರದವರಿಗೆ ವಾಪಸ್ ಹೋಗಿ ಅಂತ ಹೇಳ್ಬಿಡ್ತೀನಿ."

ನಿನಿಯನ್‌ಗೆ ಆಕಾಶ ಮೂರೇ ಗೇಣು. ಆಗಲೇ ಎಣಿಕೆ ಮನೆಯಿಂದ ಗುಮಾಸ್ತ ಏದುಸಿರು ಬಿಡುತ್ತ ಓಡಿಬಂದ. ಕೈಯಲ್ಲಿ ಟಾರ್ಕ್ವಿಲ್‌ನ ಸ್ಕೋರ್ ಕಾರ್ಡ್.

"ಅಮ್ಮಾ, ಸಹಿ ಇಲ್ಲ! ಕಾರ್ಡಿಗೆ ಸಹಿ ಹಾಕದೆ ಹೋಗ್ಬಿಟ್ಟಿದಾನೆ!"

ಟಾರ್ಕ್ವಿಲ್ ಜನರ ಟೋಪಿಗೆಲ್ಲ ಸಹಿ ಹಾಕಿದ್ದ, ಜೆಸ್ಸಿಯ ಪೈ ಪೊಟ್ಟಣಗಳಿಗೆ ಹಾಕಿದ್ದ, ಒಬ್ಬ ಮುದುಕನ ಕೈಗೆ ಹಾಕಿದ ಪ್ಲಾಸ್ಟರಿಗೂ ಹಾಕಿದ್ದ. ಹಾಕದೆ ಬಿಟ್ಟದ್ದು ಇದೊಂದೇ ಕಾಗದಕ್ಕೆ. ಸಹಿ ಇಲ್ಲದಿದ್ದರೆ ಆಟವೇ ಲೆಕ್ಕಕ್ಕಿಲ್ಲ, ನಮ್ಮ ಪಂದ್ಯದಲ್ಲಿ ಅದಕ್ಕೆ ಮಾಫಿ ಅನ್ನುವುದೇ ಇಲ್ಲ.

"ಹಾಗಾದ್ರೆ ಹಾಲ್ ಗೆದ್ದ ಹಾಗಾಯ್ತು," ಅಂದರು ಮಿಸ್ ಬೆಥ್ಯೂನ್. "ಗೌರ್ಲೆಯವರೇ, ಬೇಗ."

"ಆಗಲ್ಲಮ್ಮ. ಆ ಜಾಗ ಎರಡು ಸಲ ಕೆರೆದಾಗಿದೆ. ಇನ್ನೊಂದ್ಸಲ ಉಳಿ ಮುಟ್ಟಿಸಿದ್ರೆ ಹೂಜಿ ತೂತು."

"ಎರಡು ಸಲ ಯಾಕ್ರೀ ಕೆರೆದ್ರಿ?"

ನಿನಿಯನ್ ಹೂಜಿಯನ್ನು ಬಟ್ಟೆಯಿಂದ ಒರೆಸತೊಡಗಿದ. ಎಫಿ ಸ್ವೆಟರ್ ಸರಿಮಾಡಿಕೊಂಡಳು. ಆ ಸ್ವೆಟರ್ ನೋಡಿ ಮಿಸ್ ಬೆಥ್ಯೂನ್‌ಗೆ ಎಲ್ಲ ಗೊತ್ತಾಗಿಹೋಯಿತು.

"ಮುಂದಿನ ವರ್ಷ ಯಂತ್ರ," ಅಂದು ಆಕೆ ನಡೆದರು.

ಹಾಲ್ ಹೂಜಿ ಎತ್ತಿಕೊಂಡ. ಮೇಲಿದ್ದ ಹೆಸರು ಓದಿದ. ಅಂಗೈಯನ್ನು ಅದರ ಮೇಲಿಟ್ಟು ಮುಚ್ಚಿ, ಫೋಟೋಗೆ ನಿಂತ. ವೇದಿಕೆ ಇಳಿದು ಬರುವಾಗ ನಿನಿಯನ್‌ನ ಕಿವಿಯಲ್ಲಿ, "ಪರವಾಗಿಲ್ಲ ಬಿಡಿ ಯಜಮಾನ್ರೇ. ನಮ್ಮಮ್ಮನೂ ಬಂದಿದ್ದು ಟಾರ್ಕ್ವಿಲ್ ಆಟ ನೋಡೋಕೇ," ಅಂದ.

ಡೇರೆಯಲ್ಲಿ ಉಳಿಗಳನ್ನು ಬಟ್ಟೆಗೆ ಸುತ್ತುವಾಗ ಎಫಿ ಗಂಡನ ಬೆನ್ನು ಸವರಿದಳು. ಅಜ್ಜನ ಕಾಲದ ಕೆಲಸ ಹೋಯಿತಲ್ಲ ಅಂತ ಅವಳಿಗೆ ದುಃಖ. ನಿನಿಯನ್ ಇದ್ದಕ್ಕಿದ್ದಂತೆ ತಲೆಯೆತ್ತಿದ.

"ಎಫಿ, ಒಂದು ಯೋಚನೆ ಬಂತು. ಮುಂದಿನ ವರ್ಷ ನಾನು ಇಲ್ಲಿ ಕೂರಬೇಕಾಗಿಲ್ಲ ಅಲ್ವಾ? ಜನ ನಿಲ್ಲೋ ಹಗ್ಗದ ಹತ್ರ ನಿಂತು, ಒಂದನೇ ಗುಳಿಯಿಂದ ಹದಿನೆಂಟರವರೆಗೂ, ಟಾರ್ಕ್ವಿಲ್ ಆಟ ಕಣ್ಣಾರೆ ನೋಡ್ಬಹುದು! ಮೂವತ್ತೊಂದು ವರ್ಷ ಆದ್ಮೇಲೆ!"

ಹೇಳುತ್ತ ಹೇಳುತ್ತ ಅವನ ಮುಖ ಅರಳಿತು. ಅಷ್ಟರಲ್ಲಿ ಬಾಗಿಲಲ್ಲಿ ಅದೇ ಕೆಸರು ಬೂಟು. ಟಾರ್ಕ್ವಿಲ್ ಕೈಯಲ್ಲೊಂದು ಪೈ ಹಿಡಿದು ಒಳಗೆ ಬಂದ. ಸೋತ ಬೇಸರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ನೀವೇನಾ ಯಜಮಾನ್ರೇ ನನ್ನ ಹೆಸರು ಕೆತ್ತಿದ್ದು? ಹಾಲ್ ತೋರಿಸಿದ. ಎಷ್ಟು ನೇರ ಇದೆ! ನನ್ನ ಬದುಕಲ್ಲಿ ಅಷ್ಟು ನೇರ ಇರೋದು ಅದೊಂದೇ. ಅದನ್ನ ನೋಡಿ ನಾನೊಂದು ತೀರ್ಮಾನ ಮಾಡ್ಬಿಟ್ಟೆ. ಗಾಲ್ಫ್ ಸಾಕು, ಇವತ್ತಿಗೆ ಮುಗೀತು. ಇದೊಂದು ನೆಚ್ಚಿಕೆ ಇಲ್ಲದ ಕಸುಬು."

"ಬಿಟ್ಟು ಏನ್ಮಾಡ್ತೀರಿ?" ಅಂದ ನಿನಿಯನ್.

"ಹೊರಗೆ ಡಂಡೀ ಕಂಪನಿಯವರು ಯಂತ್ರ ನಡೆಸೋಕೆ ಒಬ್ಬ ಆಳು ಬೇಕು ಅಂತಿದ್ರು. ಒಪ್ಕೊಂಡ್ಬಿಟ್ಟೆ." ಟಾರ್ಕ್ವಿಲ್ ನಿನಿಯನ್‌ನ ಸ್ಟೂಲಿನ ಮೇಲೆ ಕೂತು, ಎರಡು ಸಲ ಅಲ್ಲಾಡಿಸಿ ನೋಡಿದ. "ಮುಂದಿನ ವರ್ಷ ಇಲ್ಲೇ ಕೂತಿರ್ತೀನಿ. ಹಾಲ್ ಆಟ ಮುಗಿದ ತಕ್ಷಣ ನೀವು ಹೇಳ್ತಿದ್ದ ಆ ಹಗ್ಗದ ಹತ್ರದಿಂದ ನಂಗೊಂದು ಕೂಗು ಹಾಕಿ, ಆಯ್ತಾ?"