ಮಾರ್ಟಳ್ಳಿಯಲ್ಲಿ ನಾನು ಹುಡುಕಿದ ಡಾಕ್ಟರು

ನಾನು ಕೊಳ್ಳೇಗಾಲದ ಪ್ರೈಮರಿ ಶಾಲೆಯಲ್ಲಿ ಮೂರನೇ ತರಗತಿಯ ಮೇಡಂ ಆಗಿದ್ದವಳು. ನಲವತ್ತೆಂಟು ಮಕ್ಕಳನ್ನು ಒಂದೇ ಕೋಣೆಯಲ್ಲಿ ಸುಮ್ಮನೆ ಕೂರಿಸಬಲ್ಲ ಹೆಂಗಸಿಗೆ, ಇರುವ ಒಬ್ಬ ಗಂಡನಿಗೆ ಒಳ್ಳೆಯ ಡಾಕ್ಟರನ್ನು ಹುಡುಕುವುದು ಎಷ್ಟರ ಕೆಲಸ ಎಂದುಕೊಂಡಿದ್ದೆ. ಇದು ಎಪ್ಪತ್ತರ ದಶಕದ ಮಾತು. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ನಮ್ಮ ಯಜಮಾನರು ಪುಟ್ಟಸ್ವಾಮಿಯವರು ರೇಷ್ಮೆ ಸೀರೆ ನೇಯುವವರು. ನಡುಮನೆಯಲ್ಲೇ ಮಗ್ಗ. ನೆಲದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದ ಮನುಷ್ಯ, ಆ ವರ್ಷ ಕಾಲು ಗಂಟೆಗೊಮ್ಮೆ ಎದ್ದು ಹಿತ್ತಲಿಗೆ ಓಡತೊಡಗಿದರು. ಹೋಗುವುದೇನೋ ಓಡಿ. ಬರುವುದು ಮಾತ್ರ ಹತ್ತು ನಿಮಿಷದ ಮೇಲೆ, ಸಪ್ಪೆ ಮುಖ ಹೊತ್ತು. ಕೇಳಿದರೆ, "ಟೀ ಜಾಸ್ತಿ ಆಯ್ತು ಕಣೆ" ಎನ್ನುವರು. ನಾನು ಟೀ ನಿಲ್ಲಿಸಿದೆ. ಕಾಯಿಲೆ ನಿಲ್ಲಲಿಲ್ಲ, ಜಗಳ ಶುರುವಾಯಿತು!

ಕೊನೆಗೆ ಊರಿನ ಡಾಕ್ಟರು ಮೈಸೂರಿನ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಆ ಪರೀಕ್ಷೆ, ಈ ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು.

"ಅಮ್ಮಾ, ನಿಮ್ಮ ಯಜಮಾನರಿಗೆ ಪ್ರಾಸ್ಟೇಟ್ ಅನ್ನೋ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ. ಒಂದು ಸಣ್ಣ ಆಪರೇಷನ್, ಆಮೇಲೆ ಮಾತ್ರೆ. ತುಂಬಾ ದಿನ ಚೆನ್ನಾಗಿರಬಹುದು. ತಡ ಮಾಡದೆ ಬಂದು ಸೇರಿಸಿ."

ಇಂಗ್ಲಿಷಿನ ಒಂದು ಕಾಗದ ನನ್ನ ಕೈಗಿಟ್ಟು ಮುಂದಿನ ರೋಗಿಯನ್ನು ಕೂಗಿದರು. ಎಲ್ಲಾ ಸೇರಿ ನಾಲ್ಕು ನಿಮಿಷ! ಕಾಗದ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಕೂತೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸಿಟ್ಟು ಬಂತು. ಇಷ್ಟು ದೊಡ್ಡ ಕಾಯಿಲೆಯನ್ನು ಇಷ್ಟು ಸಣ್ಣ ದನಿಯಲ್ಲಿ ಹೇಳುವವರು ಒಳ್ಳೆಯ ಡಾಕ್ಟರು ಹೇಗಾದಾರು? ಇವರಿಗಿಂತ ಒಳ್ಳೆಯವರನ್ನು ನಾನೇ ಹುಡುಕುತ್ತೇನೆ ಎಂದು ಆ ಮೆಟ್ಟಿಲ ಮೇಲೆಯೇ ತೀರ್ಮಾನಿಸಿಬಿಟ್ಟೆ.

ಹೊರಗೆ ಯಜಮಾನರು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು.

"ಏನಂತೆ?"

"ಏನಿಲ್ಲ. ಯಾವುದೋ ಗ್ರಂಥಿ ಊದಿದೆಯಂತೆ."

"ಎಲ್ಲಿ?"

"ಒಳಗೆ."

"ಒಳಗೆ ಅಂದ್ರೆ ಎಲ್ಲಿ?"

"ಒಳಗೆ ಅಂದರೆ ಒಳಗೇರೀ!"

ಮೂರನೇ ತರಗತಿಗೆ ವಿಜ್ಞಾನ ಹೇಳಿಕೊಡುವ ನನಗೂ ಅಷ್ಟೇ ಗೊತ್ತಿದ್ದದ್ದು.

ಕ್ಯಾನ್ಸರ್ ಎಂಬ ಮಾತು ಅವರ ಕಿವಿಗೆ ಬೀಳಬಾರದು ಎಂಬುದು ನನ್ನ ಎರಡನೆಯ ತೀರ್ಮಾನ. ಕಾಗದವನ್ನು ಅವರು ಎಂದೂ ಮುಟ್ಟದ ಜಾಗದಲ್ಲಿ, ನನ್ನ ಶಾಲೆಮಕ್ಕಳ ಪರೀಕ್ಷೆ ಪೇಪರಿನ ಕಟ್ಟಿನಲ್ಲಿ ಅಡಗಿಸಿದೆ. ಅಳು ಬಂದಾಗಲೆಲ್ಲ ಈರುಳ್ಳಿ ಹೆಚ್ಚಿದೆ. ಆ ವಾರ ನಮ್ಮ ಮನೆಯಲ್ಲಿ ಮೂರು ಹೊತ್ತೂ ಈರುಳ್ಳಿ ಗೊಜ್ಜು! ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಶಾಲೆಯಲ್ಲಿ ಏಳರ ಮಗ್ಗಿ ಹೇಳಿಸುತ್ತಾ ಏಳೆಂಟಲ ಐವತ್ನಾಲ್ಕು ಎಂದೆ. ಮಕ್ಕಳೂ ಒಟ್ಟಾಗಿ ಐವತ್ನಾಲ್ಕು ಎಂದವು. ಇಡೀ ಒಂದು ತರಗತಿಯ ಲೆಕ್ಕ ಕೆಡಿಸಿದ ಪಾಪವೂ ನನ್ನದೇ.

ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರದೆ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಹೇಳಿದೆ. ಅದೇ ಬೀದಿಯಲ್ಲಿದ್ದ ನಾದಿನಿ ಗೌರಮ್ಮನಿಗೆ. "ಯಾರಿಗೂ ಹೇಳಬೇಡ" ಎಂದು ಕೈಮೇಲೆ ಕೈ ಹಾಕಿಸಿಕೊಂಡೆ. ಮಾರನೆಯ ಬೆಳಿಗ್ಗೆ ಏಳು ಜನ ಎಳನೀರು ಹಿಡಿದು ಬಾಗಿಲಲ್ಲಿ ನಿಂತಿದ್ದರು! ಯಜಮಾನರು ಮಗ್ಗದ ಗುಣಿಯಿಂದಲೇ ಕತ್ತೆತ್ತಿ ನೋಡಿದರು.

"ಇದೇನೇ? ನಾನೇನ್ ಬಸ್ರಿನಾ? ಎಲ್ರೂ ತಕಂಡು ಬತ್ತಾವ್ರೆ?"

"ಬಿಸಿಲು ಜಾಸ್ತಿ ಅಲ್ಲವೇ, ಅದಕ್ಕೆ" ಎಂದೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು.

ಗೌರಮ್ಮನೇ ದಾರಿಯನ್ನೂ ತೋರಿಸಿದಳು. "ಅತ್ಗೆ, ಮಾರ್ಟಳ್ಳೀಲಿ ಔಷ್ದಿ ಕೊಡೋರೊಬ್ರು ಅವ್ರಂತೆ. ನೀರು ಕಟ್ಕಂಡ್ರೆ ಒಂದೇ ಸೀಸೇಲಿ ಬುಡುಸ್ತಾರಂತೆ. ಸತ್ತೇಗಾಲದೋರೆಲ್ಲಾ ಅಲ್ಗೇ ಓಯ್ತಾರಂತೆ."

ಯಾರಿಗೆ ಕೊಡುತ್ತಾರೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

"ಹುಣಸೆಹಣ್ಣು ತರೋಣ, ಅಲ್ಲಿ ಚೆನ್ನಾಗಿ ಸಿಗುತ್ತದಂತೆ" ಎಂದು ಸುಳ್ಳು ಹೇಳಿ ಭಾನುವಾರ ಯಜಮಾನರನ್ನು ಬಸ್ಸು ಹತ್ತಿಸಿದೆ. ಪೇಟೆಗೆ ಬಾ ಎಂದರೂ ಹತ್ತು ಪ್ರಶ್ನೆ ಕೇಳುವ ಮನುಷ್ಯ ಕೋಟು ಹಾಕಿಕೊಂಡು ಸುಮ್ಮನೆ ಬಂದರು. ಅದೇ ನನಗೆ ಅನುಮಾನ ತರಬೇಕಿತ್ತು. ಹನೂರು ದಾಟಿದ ಮೇಲೆ ರಸ್ತೆ ಎಂಬುದು ಬರೀ ನಂಬಿಕೆ. ಬಸ್ಸು ನಿಂತಲ್ಲೆಲ್ಲ ಅವರು ಇಳಿದು, ಬೇಲಿ ಮರೆಗೆ ಹೋಗಿ ಬರುವರು. ಕಂಡಕ್ಟರು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಕಾಯುವನು.

ಮಾರ್ಟಳ್ಳಿಯಲ್ಲಿ ಅವರನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಹೋದೆ. ತಮಿಳು ಬೆರೆತ ಕನ್ನಡದ ಮುದುಕರೊಬ್ಬರು ಗುಡಿಸಲ ಮುಂದೆ ಬೇರು ಕುಟ್ಟುತ್ತಿದ್ದರು. ಪರಪುರುಷರ ಮುಂದೆ ಗಂಡನ ಅಂಥ ಕಾಯಿಲೆಯ ಮಾತು ಎತ್ತುವುದು ಹೇಗೆ? ನಾಚಿಕೆಯಿಂದ ಸುತ್ತಿ ಬಳಸಿ ಹೇಳಿದೆ.

"ನಮ್ಮ ಮನೇಲಿ... ನೀರು ಕಟ್ಟಿಕೊಂಡಿದೆ."

"ಎಷ್ಟು ದಿನ ಆಚ್ಚು?"

"ಆರು ತಿಂಗಳಾಯಿತು."

"ಅಯ್ಯೋ. ಮೇಯ್ತದಾ?"

ಈ ಕಡೆ ಊಟಕ್ಕೆ ಹಾಗೆನ್ನುತ್ತಾರೇನೋ ಎಂದುಕೊಂಡು, "ಮೊದಲಿನಷ್ಟಿಲ್ಲ" ಎಂದೆ.

"ಒದೀತದಾ?"

"ಛೆ ಛೆ, ಇಲ್ಲಪ್ಪ! ಸಿಟ್ಟು ಬಂದರೂ ಬಾಯಿಮಾತಷ್ಟೇ."

ಮುದುಕರು ನನ್ನನ್ನು ಒಮ್ಮೆ ನೋಡಿದರು. ಆದರೂ ಒಂದು ಸೀಸೆಯಲ್ಲಿ ಕಷಾಯ ತುಂಬಿ, ಜೊತೆಗೆ ಒಂದು ಮೊಳದ ಬಿದಿರು ಕೊಳವೆಯ ಗೊಟ್ಟ ಕೊಟ್ಟರು. "ತಲೆ ಮೇಲಕ್ಕೆತ್ತಿ ಹಿಡಿ, ಗೊಟ್ಟ ಬಾಯಿಗಿಟ್ಟು ಹುಯ್ಯಿ. ಎಷ್ಟು ಹಲ್ಲು?"

"ಮೂರು ಬಿದ್ದಿವೆ."

"ಬಿದ್ದೋಗಿದೆಯಾ? ವಯಸ್ಸೆಷ್ಟಮ್ಮಾ?"

"ಐವತ್ತೆಂಟು."

ಮತ್ತೆ ಕುಟ್ಟಲು ಎತ್ತಿದ ಒನಕೆ ಅಲ್ಲೇ ನಿಂತಿತು. "ಐವತ್ತೆಂಟು ವರ್ಷದ ಎತ್ತಾ?!"

ಆಮೇಲೆ ಏನೇನಾಯಿತೆಂದು ವಿವರಿಸುವ ಶಕ್ತಿ ನನಗಿಲ್ಲ. ಆ ಹಿರಿಯರು ಸೀಸೆಯನ್ನೂ ಗೊಟ್ಟವನ್ನೂ ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡರು. "ನಾನು ದನಕ್ಕೆ ಮಾತ್ರ ಅಮ್ಮಾ. ಮನುಷ್ಯನಿಗೆ ಇಲ್ಲೆ. ಪೆರಿಯ ಡಾಕ್ಟರ ಹತ್ರ ಕರ್ಕೊಂಡು ಹೋಗು, ಬೇಗ ಹೋಗು" ಎಂದರು. ದನದ ವೈದ್ಯರಿಗಿದ್ದ ಬುದ್ಧಿ ಮೇಡಮ್ಮನಿಗಿರಲಿಲ್ಲ.

ಬರುವ ಬಸ್ಸಿನಲ್ಲಿ ನಗುವಂಥದ್ದೇನೂ ನಡೆಯಲಿಲ್ಲ. ಅರ್ಧ ದಾರಿಯಲ್ಲಿ ಯಜಮಾನರ ಮುಖ ಬಿಳುಚಿಕೊಂಡಿತು. ಎರಡು ಸಲ ಬಸ್ಸು ನಿಲ್ಲಿಸಿ ಇಳಿದರು, ಎರಡು ಸಲವೂ ಹಾಗೆಯೇ ಮರಳಿದರು. ಹೊಟ್ಟೆ ಕಲ್ಲಾಗಿತ್ತು. ಮುಂದಿನ ಸೀಟಿನ ಕಂಬಿ ಹಿಡಿದು, "ಆಯ್ತಿಲ್ಲ ಕಣೆ" ಎಂದರು. ಮೂವತ್ತು ವರ್ಷದಲ್ಲಿ ಅವರು ಆ ದನಿಯಲ್ಲಿ ಮಾತಾಡಿದ್ದು ನಾನು ಕೇಳಿರಲಿಲ್ಲ. ನಾನು ಎದ್ದು ನಿಂತು, ನಾಚಿಕೆಯನ್ನೆಲ್ಲ ಆ ಕಿಟಕಿಯಿಂದಾಚೆ ಎಸೆದು, ಇಡೀ ಬಸ್ಸಿಗೆ ಕೇಳುವಂತೆ ಕೂಗಿದೆ: "ನಮ್ಮ ಯಜಮಾನರಿಗೆ ಮೂತ್ರ ಕಟ್ಟಿದೆ! ಎಲ್ಲೂ ನಿಲ್ಲಿಸಬೇಡಿ!"

ಕಂಡಕ್ಟರು ಎರಡು ಸೀಟಿ ಊದಿದ. ನಡುವೆ ಇಳಿಯಬೇಕಾದವರೂ ಇಳಿಯಲಿಲ್ಲ. "ಓಗ್ಲಿ ಸಾ, ನಾವು ನಡ್ಕಂಡು ವಾಪಸ್ ಬತ್ತೀವಿ" ಎಂದರು. ಬಸ್ಸು ನೇರ ಹೋಗಿ ನಿಂತದ್ದು ಹನೂರಿನ ಆಸ್ಪತ್ರೆಯ ಬಾಗಿಲಲ್ಲೇ.

ಅಲ್ಲಿ ಮೀಸೆ ಈಗಷ್ಟೇ ಮೂಡಿದಂತಿದ್ದ ಒಬ್ಬ ಡಾಕ್ಟರು ಊಟದ ಕೈ ತೊಳೆದು ಓಡಿಬಂದರು. ಒಳಗೆ ಕರೆದೊಯ್ದು ರಬ್ಬರ್ ಕೊಳವೆ ಹಾಕಿದರು. ಸ್ವಲ್ಪ ಹೊತ್ತಿಗೆ ಪರದೆಯ ಹಿಂದಿನಿಂದ, "ಅಪ್ಪಾ, ಬಿಳಿಗಿರಿರಂಗಾ!" ಎಂಬ ಉಸಿರು ಕೇಳಿಸಿತು. ನಾನು ಅಲ್ಲೇ ಗೋಡೆಗೆ ಒರಗಿ ಕೂತೆ.

"ಇದಕ್ಕೆ ಮುಂಚೆ ಎಲ್ಲಾದರೂ ತೋರಿಸಿದ್ದಿರಾ?" ಡಾಕ್ಟರು ಕೇಳಿದರು.

"ಮೈಸೂರಿನಲ್ಲಿ. ಕಾಗದ ಮನೆಯಲ್ಲಿದೆ" ಎಂದೆ, ಪಿಸುದನಿಯಲ್ಲಿ.

"ಇಲ್ಲೈತೆ ಸಾ" ಎಂದರು ಮಂಚದ ಮೇಲಿದ್ದ ಯಜಮಾನರು. ಕೋಟಿನ ಜೇಬಿನಿಂದ ಅದೇ ಕಾಗದ ಹೊರಬಂತು!

ಅವರೇ ಹೇಳಿದರು: "ಪರೀಕ್ಷೆ ಪೇಪರ್ ಅಂದ್ರೆ ತಿಂಗಳುಗಟ್ಲೆ ಮುಟ್ಟದೋಳು, ದಿನಕ್ ನಾಕ್ ಸಲ ಕಟ್ಟು ಬಿಚ್ಚಿ ನೋಡ್ತಿದ್ಲು ಸಾ. ಅನ್ಮಾನ ಬಂತು. ನಮ್ ನೇಕಾರ್ರ ಸೊಸೈಟಿ ಕಾರ್ಯದರ್ಶಿ ತಾವ ಓದಿಸ್ಕಂಡೆ. ಎಂಟ್ ದಿನಾಯ್ತು. ವಾಪಸ್ ಅಲ್ಲೇ ಇಕ್ಕಿದ್ದೆ, ಇವತ್ತು ಬರೋವಾಗ ಜೇಬ್ಗಾಕ್ಕಂಡೆ."

"ಗೊತ್ತಿದ್ದೂ ಮಾರ್ಟಳ್ಳಿಗೆ ಯಾಕೆ ಬಂದಿರಿ?" ಎಂದೆ.

"ನೀನು ಮನೇಲಿ ನಿಂತ್ಕಡೆ ನಿಲ್ತಿರ್ನಿಲ್ಲ. ಒಂದ್ಸಲ ಓಗ್ಬಂದ್ರೆ ನಿಂಗೆ ಸಮಾಧಾನ ಆಯ್ತದೆ ಅಂತ."

ಆಗ ಅತ್ತೆ. ಈರುಳ್ಳಿ ಇರಲಿಲ್ಲ.

ಆ ಹುಡುಗ ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು, ಚೀಟಿಯ ಹಿಂದೆ ಚಿತ್ರ ಬರೆದು, ಆ ಗ್ರಂಥಿ ಎಲ್ಲಿದೆ, ಏನು ಮಾಡುತ್ತದೆ ಎಂದು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು. ಮೈಸೂರಿನವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ, ಅಲ್ಲಿಗೇ ಹೋಗಿ ಎಂದರು. ಆಪರೇಷನ್ನಿನಲ್ಲಿ ಬೀಜವನ್ನೇ ತೆಗೆದುಬಿಡುತ್ತಾರೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಯಜಮಾನರು ನನ್ನ ಕಡೆ ತಿರುಗಿ, "ನಿಂಗೇನೂ ಬೇಜಾರಿಲ್ವಾ?" ಎಂದರು.

"ನೀವು ಮನೆಯಲ್ಲಿದ್ದರೆ ಸಾಕು" ಎಂದೆ. ಆ ತಿಂಗಳು ನನ್ನ ಬಾಯಿಂದ ಬಂದ ಸರಿಯಾದ ಮಾತು ಅದೊಂದೇ.

ಮೈಸೂರಿಗೆ ಹೋದೆವು. ಅದೇ ನಾಲ್ಕು ನಿಮಿಷದ ಡಾಕ್ಟರು ಆಪರೇಷನ್ ಮಾಡಿದರು. ಅವರಿಗೆ ಮಾತು ಬರುತ್ತಿರಲಿಲ್ಲ, ಕೈ ಬರುತ್ತಿತ್ತು. ಎರಡು ತಿಂಗಳಿಗೆ ಯಜಮಾನರು ಮತ್ತೆ ಮಗ್ಗಕ್ಕೆ ಇಳಿದರು. ಆಮೇಲೆ ಏಳು ವರ್ಷ ನೇಯ್ದರು.

ಮೊದಲ ತಪಾಸಣೆಗೆ ಹೋದಾಗ ನಾನು ಪೂರ್ತಿ ಸಜ್ಜಾಗಿದ್ದೆ. ಇನ್ನು ಮೇಲೆ ಏನನ್ನೂ ಮುಚ್ಚಿಡಬಾರದು, ಎಲ್ಲವನ್ನೂ ನಾನೇ ಮುಂದೆ ನಿಂತು ಹೇಳಬೇಕು ಎಂದು ಪಣ ತೊಟ್ಟಿದ್ದೆ. ಡಾಕ್ಟರು ಪೆನ್ನು ತೆಗೆದರು.

"ಈ ಆಪರೇಷನ್ ಆದ ಕೆಲವರಿಗೆ ಹೆಚ್ಚುಕಡಿಮೆ ಆಗುತ್ತೆ. ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗಿ ಬೆವರುತ್ತಾ?"

"ದಿನಕ್ಕೆ ಐದಾರು ಸಲ ಡಾಕ್ಟರೇ!" ಎಂದೆ ನಾನು.

"ಸುಮ್ಮಸುಮ್ಮನೆ ಸಿಟ್ಟು?"

"ಮೂಗಿನ ತುದಿಯಲ್ಲೇ!"

"ನಿದ್ದೆ?"

"ಕಣ್ಣು ಮುಚ್ಚಿದರೆ ಕೇಳಿ!"

ಡಾಕ್ಟರು ಹುಬ್ಬು ಗಂಟಿಕ್ಕಿ ಎಲ್ಲವನ್ನೂ ಬರೆದುಕೊಂಡರು. ಯಜಮಾನರು ಮೆಲ್ಲಗೆ ಕೆಮ್ಮಿದರು.

"ಸಾ, ಅದೆಲ್ಲಾ ಇವ್ಳಿಗೆ. ನಾನು ಚೆನ್ನಾಗಿವ್ನಿ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನನಗಾಗ ನಲವತ್ತೊಂಬತ್ತು ವರ್ಷ, ಮುಟ್ಟು ನಿಲ್ಲುವ ವಯಸ್ಸು. "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಇಬ್ಬರೂ ನಗುವುದು ಕೇಳಿಸಿತು. ಐದೇ ನಿಮಿಷದಲ್ಲಿ, ನಾನಿಲ್ಲದೆ, ಎಲ್ಲವೂ ಸರಿಯಾಗಿ ಮುಗಿಯಿತು. ನರ್ಸಮ್ಮ ಬಂದು ಔಷಧಿಯ ಚೀಟಿ ಕೊಟ್ಟರು. ಯಜಮಾನರ ಮಾತ್ರೆ ಬದಲಾಗಿದೆಯೇನೋ ಎಂದು ಗಾಬರಿಯಿಂದ ಬಿಡಿಸಿ ಓದಿದೆ.

ಚೀಟಿ ನನ್ನ ಹೆಸರಿನಲ್ಲಿತ್ತು!