ಆಸ್ಟಿನ್ ಕಾರಿನ ಬೀಗದಕೈ

ಎಲ್ಲ ಅನಾಹುತಕ್ಕೂ ಮೂಲ ಒಂದು ಹಿತ್ತಾಳೆಯ ತಂಬಿಗೆ. ಅದನ್ನು ತಂದವಳು ಇಂಜಿನಿಯರಿಂಗ್ ಕೊನೆಯ ವರ್ಷದ ನಿವೇತಾ, ಹಳೆ ಕಾರು ಸಂಘದಲ್ಲಿ ಎಲ್ಲರಿಗಿಂತ ಕಿರಿಯಳು. ಆ ಭಾನುವಾರ ಬೆಳಗ್ಗೆ ಆರ್.ಎಸ್. ಪುರಂನ ಕಲ್ಯಾಣ ಮಂಟಪದ ಅಂಗಳದಲ್ಲಿ ಹದಿನೆಂಟು ಕಾರುಗಳು ಮಿಂದು ಮಡಿಯಾಗಿ, ಹಣೆಗೆ ಗಂಧದ ಬೊಟ್ಟಿಟ್ಟುಕೊಂಡು ನಿಂತಿದ್ದವು. ಈ ವರ್ಷದ ಮೆರವಣಿಗೆಯಲ್ಲಿ ಯಾರೂ ತಮ್ಮ ಕಾರು ತಾವೇ ಓಡಿಸಬಾರದು, ಬೀಗದಕೈಗಳೆಲ್ಲ ತಂಬಿಗೆಗೆ ಬೀಳಲಿ, ಕೈಗೆ ಸಿಕ್ಕಿದ ಕಾರು ಓಡಿಸೋಣ ಎಂದಳು ನಿವೇತಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಿನಾಶಿಯ ಲಿಂಗಪ್ಪನ್ ಕೂಡ ತಟ್ಟಿದ. ಅವನ ಅಂಗೈ ಆಗಲೇ ಬೆವೆತಿತ್ತು.

ಏಕೆಂದರೆ ಲಿಂಗಪ್ಪನ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಇದು ಸಂಘದಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲದ ಸಂಗತಿ. ಗುಜರಿಗೆ ಹೋಗಬೇಕಿದ್ದ ಮಾರಿಸ್ ಮೈನರ್ ಒಂದನ್ನು ತನ್ನ ಮಗ್ಗದ ಶೆಡ್ಡಿನ ಹಿಂದೆ ಆರು ವರ್ಷ ಕೂತು, ಒಂದೊಂದೇ ಬೋಲ್ಟು ತೊಳೆದು ಜೀವ ಬರಿಸಿದವನು ಅವನು. ಕಿವಿಗೊಟ್ಟರೆ ಸಾಕು, ಇಂಜಿನ್ನಿಗೆ ಎಲ್ಲಿ ನೋವು ಎಂದು ಹೇಳುತ್ತಿದ್ದ. ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿದಾಗ ಕಾರು ನೇರವಾಗಿ ಹುಲ್ಲಿನ ಬಣವೆಗೆ ನುಗ್ಗಿತ್ತು. ಬ್ರೇಕು ಮರೆತು ಎತ್ತಿಗೆ ಹೇಳುವಂತೆ "ಹೋ ಹೋ" ಎಂದಿದ್ದ. ಅಂದಿನಿಂದ ಅವನು ಆ ಸೀಟಿನಲ್ಲಿ ಕೂತೇ ಇರಲಿಲ್ಲ. ಮಾರಿಸ್ ಓಡಿಸುತ್ತಿದ್ದವಳು ಹೆಂಡತಿ ಸತ್ಯಾ. ಹೆಂಡತಿಗೆ ಸ್ಟೀರಿಂಗ್ ಬಿಟ್ಟುಕೊಡುವ ದೊಡ್ಡ ಮನಸ್ಸಿನ ಗಂಡ ಎಂದು ಸಂಘವೆಲ್ಲ ಅವನನ್ನು ಹೊಗಳುತ್ತಿತ್ತು, ಅವನೂ ತಲೆ ತಗ್ಗಿಸಿ ಹೊಗಳಿಸಿಕೊಳ್ಳುತ್ತಿದ್ದ. ಇವತ್ತು ಸತ್ಯಾ ಅವನನ್ನೂ ಕಾರನ್ನೂ ಇಲ್ಲಿ ಬಿಟ್ಟು, ತಂಗಿಯ ಮನೆಯ ವಿಶೇಷಕ್ಕೆಂದು ತಿರುಪ್ಪೂರಿನ ಬಸ್ಸು ಹತ್ತಿದ್ದಳು.

ತಂಬಿಗೆಯೊಳಗೆ ಕೈ ಹಾಕಿದ. ಬಂದದ್ದು ಅನ್ನೂರಿನ ಕೃಷ್ಣಸಾಮಿಯವರ ಆಸ್ಟಿನ್ನಿನ ಬೀಗದಕೈ.

ಅಂಗಳದ ಕಣ್ಣೆಲ್ಲ ಅವನ ಕಡೆ ತಿರುಗಿತು. ಎಂಬತ್ತೆರಡು ವರ್ಷದ ಕೃಷ್ಣಸಾಮಿ ಸಂಘದ ಹಿರಿತಲೆ. ಅವರ ಆಸ್ಟಿನ್ ಅವರಿಗಿಂತಲೂ ಹಿರಿದು. ಕಪ್ಪು ಮೈ, ತೆಳ್ಳನೆಯ ಚಕ್ರ, ಎರಡು ದುಂಡು ದೀಪ. ಅದರೆದುರು ನಿಂತಾಗಲೆಲ್ಲ ಲಿಂಗಪ್ಪನ್ ಚಪ್ಪಲಿ ಬಿಡುತ್ತಿದ್ದ, ಅದು ನಾಟಕವಲ್ಲ. ಎಷ್ಟು ಮಳೆಬಿಸಿಲು ಕಂಡ ಕಬ್ಬಿಣ, ಯಾರ ಯಾರ ಕೈ ತಿದ್ದಿದ ಕಬ್ಬಿಣ ಎಂದು ನೆನೆದು ಕೈ ಮುಗಿಯುತ್ತಿದ್ದ.

"ನಿಮಗೇ ಬರಬೇಕು ಅಂತ ದೇವರ ಹತ್ರ ಕೇಳ್ಕೊಂಡಿದ್ದೆ ಮಾಮಾ" ಎಂದಳು ನಿವೇತಾ.

ವಯಸ್ಸಿನ ಕಾರಣ ಕೃಷ್ಣಸಾಮಿಯವರಿಗೆ ಓಡಿಸುವುದರಿಂದ ವಿನಾಯಿತಿ. ಅವರ ಪರವಾಗಿ ಡ್ರೈವರ್ ಮುರುಗೇಶನ್ ಬೀಗದಕೈ ಎತ್ತಿ ಬೇರೊಂದು ಕಾರು ಹತ್ತಿದ್ದ. ಹಿರಿಯರು ಆಸ್ಟಿನ್ನಿನ ಪಕ್ಕದ ಸೀಟಿನಲ್ಲಿ ಕೂರುವುದೆಂದೂ ಅದು ಗೇಟು ದಾಟುವವರೆಗೆ ಮಿಕ್ಕ ಕಾರುಗಳು ಅಲ್ಲಾಡಬಾರದೆಂದೂ ಕಾರ್ಯದರ್ಶಿ ಸೋಮಸುಂದರಂ ಸಾರಿದ. ಇನ್ನೊಬ್ಬರ ಉಸಾಬರಿ ಇಲ್ಲದೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು. ಲಿಂಗಪ್ಪನ್ ಮೊದಲು ಇಂಜಿನ್ ಸದ್ದು ಕೇಳಬೇಕೆಂದ. ಬಾನೆಟ್ ಎತ್ತಿ, ಯಾರಿಂದಲೋ ಚಾಲೂ ಮಾಡಿಸಿ, ಕಿವಿಯಿಟ್ಟ. ಕೇಳುತ್ತಾ ಕೇಳುತ್ತಾ ತನಗೆ ಬಂದ ಕಷ್ಟವನ್ನೇ ಮರೆತ. ಒಂದು ತಂತಿ ಕೊಂಚ ಸಡಿಲವಾಗಿತ್ತು. ಬೆರಳಲ್ಲೇ ಬಿಗಿ ಮಾಡಿದ. ಸದ್ದು ಹದಕ್ಕೆ ಬಂದು, ತೊಟ್ಟಿಲ ಮಗುವಿನ ಉಸಿರಿನಂತೆ ಸಮನಾಯಿತು. ಸುತ್ತ ನಿಂತವರ ಬಾಯಿ ತೆರೆದೇ ಇತ್ತು. ಇಂಥ ಕೈಯಿರುವವರು ಓಡಿಸಿದರೆ ಕಾರಿಗೇ ಪುಣ್ಯ ಎಂದು ಸೋಮಸುಂದರಂ ಬಾಗಿಲು ತೆರೆದು ಹಿಡಿದ.

ಲಿಂಗಪ್ಪನ್ ಕೊನೆಯ ಬಾಣ ಬಿಟ್ಟ.

"ಅಯ್ಯಾ, ನೀವು ಕೂತ ಜಾಗದಲ್ಲಿ ನಾ ಹೆಂಗೆ ಕೂರಾದು? ನನಗೆ ಮನಸು ಬರಾದಿಲ್ಲೆ."

ಅದೂ ತಿರುಗಿ ಅವನಿಗೇ ಬಡಿಯಿತು. ನಿವೇತಾಳ ಕಣ್ಣು ತುಂಬಿತು. ಈ ಕಾಲದಲ್ಲೂ ಇಂಥ ಭಯಭಕ್ತಿಯೇ ಎಂದು ಜನ ತಲೆದೂಗಿದರು. ಹಾಗಿದ್ದರೆ ದೊಡ್ಡವರೇ ಕೈಹಿಡಿದು ಕೂರಿಸಲಿ ಎಂದ ಸೋಮಸುಂದರಂ. ಕೃಷ್ಣಸಾಮಿ ಎದ್ದು ಬಂದರು, ಕೈ ಹಿಡಿದರು, ಕೂರಿಸಿಯೂ ಬಿಟ್ಟರು. ತಾವು ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡರು.

ಹಿಂದೆ ಹದಿನೇಳು ಇಂಜಿನ್ ಗುರುಗುಟ್ಟುತ್ತಿದ್ದವು. ಮುಂದೆ ಐವತ್ತು ಮೊಬೈಲುಗಳು ಮೇಲೆದ್ದಿದ್ದವು. ಇದೊಂದು ಸಂಘ ಬಿಟ್ಟರೆ ಲಿಂಗಪ್ಪನ್‌ಗೆ ಮಾನ ಸಿಗುವ ಜಾಗ ಬೇರೆ ಇರಲಿಲ್ಲ. ಇನ್ನರ್ಧ ನಿಮಿಷದಲ್ಲಿ ಅದು ಹೋಗುತ್ತದೆ, ಅಥವಾ ಈ ಆಸ್ಟಿನ್ ಹೋಗುತ್ತದೆ. ಮಾನವೇ ಹೋಗಲಿ ಎಂದುಕೊಂಡ.

"ಅಯ್ಯಾ, ನನಗೆ ವಂಡಿ ಓಡಿಸಕ್ಕೆ ಬರಾದಿಲ್ಲೆ."

ಕೃಷ್ಣಸಾಮಿ ತಿರುಗಲಿಲ್ಲ. ಮುಂದಿನ ಗಾಜನ್ನೇ ನೋಡುತ್ತಾ ಹೇಳಿದರು: "ಮೆಲ್ಲಗೆ ಹೇಳು ತಂಬಿ. ನೀ ಕೂತ ಸೀಟಲ್ಲಿ ನಾ ಒಂದು ದಿವಸವೂ ಕೂತಿಲ್ಲೆ. ನನಗೂ ಬರಾದಿಲ್ಲೆ."

ಆಮೇಲೆ ಮುದುಕರು ಪಿಸುಗುಟ್ಟುತ್ತಲೇ ಎಲ್ಲ ಹೇಳಿದರು. ಓಡಿಸುತ್ತಿದ್ದವಳು ಹೆಂಡತಿ ರಾಮಾತಾಳ್. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅನ್ನೂರಿಂದ ಅವಿನಾಶಿ ದೇವಸ್ಥಾನಕ್ಕೆ ಹಾರಿಸಿಕೊಂಡು ಹೋಗುವಳು. ಇವರ ಪಾಲಿಗೆ ಬಂದದ್ದು ಹಾರನ್ ಒತ್ತುವ ಕೆಲಸ. ಅವಳು ತೀರಿಕೊಂಡ ಮೇಲೆ ಮುರುಗೇಶನ್ ಬಂದ. ಇಷ್ಟು ವಯಸ್ಸಾದವರನ್ನು ನಿಮಗೆ ಓಡಿಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಲಿಂಗಪ್ಪನ್‌ಗೆ ಅವರ ಮೇಲಿದ್ದ ಗೌರವ ಇಳಿಯಬೇಕಿತ್ತು, ಯಾಕೋ ಇಮ್ಮಡಿಯಾಯಿತು.

ಹೊರಗೆ ಜನ ಇನ್ನೂ ಕಾಯುತ್ತಿದ್ದರು. ಗುರುಶಿಷ್ಯರು ಇಂಜಿನ್ನಿನ ಗುಟ್ಟು ಮಾತಾಡುತ್ತಿದ್ದಾರೆ, ಯಾರೂ ಗಲಾಟೆ ಮಾಡಬೇಡಿ ಎಂದು ಸೋಮಸುಂದರಂ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದ.

"ಇವತ್ತಿಗೆ ನಿನ್ನ ಮಾನ ನಾ ಕಾಪಾಡ್ತೀನಿ" ಎಂದು ಕೃಷ್ಣಸಾಮಿ ಬಾಗಿಲು ತೆರೆದು ಇಳಿದರು. ಲಿಂಗಪ್ಪನ್ ಕಣ್ಣಿಗೆ ಅವರು ಸಾಕ್ಷಾತ್ ದೇವರಾಗಿಯೇ ಕಂಡರು.

ಹಿರಿಯರು ಕೈ ಎತ್ತಿದರು. ಇಷ್ಟು ವರ್ಷದಲ್ಲಿ ತಮ್ಮ ಕಾರಿನ ಮನಸ್ಸು ತಿಳಿದವನು ಇವನೊಬ್ಬನೇ ಎಂದರು. ಇಂಥವನು ಓಡಿಸುವ ಕಾರು ಪೇಟೆಯ ನಾಲ್ಕು ಬೀದಿ ಸುತ್ತುವುದು ಅವಮಾನ, ಆಸ್ಟಿನ್ ಇವತ್ತು ಇಲ್ಲೇ ನಿಲ್ಲಲಿ ಎಂದರು. ಲಿಂಗಪ್ಪನ್‌ಗೆ ಹೋದ ಜೀವ ಬಂತು.

"ಬರಾ ತಿಂಗಳು ನಾವೆಲ್ಲ ಊಟಿ ಬೆಟ್ಟ ಹತ್ತಾದು ಇದೆಯಲ್ಲ? ಅವತ್ತು ಎಲ್ಲರಿಗಿಂತ ಮುಂದೆ ಈ ವಂಡಿ. ಓಡಿಸಾದು ಲಿಂಗಪ್ಪನ್. ಬೇರೆ ಯಾರೂ ಮುಟ್ಟಬಾರದು."

ಮರುಗಳಿಗೆಗೆ ಹದಿನೇಳು ಹಾರನ್ನುಗಳು ಒಟ್ಟಿಗೆ ಕೂಗಿದವು. ನಿವೇತಾ ಬಂದು ಲಿಂಗಪ್ಪನ್ ಕಾಲಿಗೆ ಬಿದ್ದಳು. ಕೃಷ್ಣಸಾಮಿ ಅವನ ಹೆಗಲ ಮೇಲೆ ಕೈಯಿಟ್ಟು, ಆಶೀರ್ವಾದ ಮಾಡುವವರಂತೆ ಕಿವಿಯ ಹತ್ತಿರ ಬಾಗಿದರು.

"ಒಂದು ತಿಂಗಳು ಇದೆ ತಂಬಿ, ಕಲ್ತ್ಕೊ. ಕಲ್ತ ಮೇಲೆ ನನಗೂ ಹೇಳ್ಕೊಡು."